ನನ್ನ ಕಥೆ ಓದಿದ್ದು ಊಟದ ಕ್ಯೂನಲ್ಲಿ

(1/4)
ಕಥೆ ಬರೀತೀನಿ ಅಂತ ಯಾರಿಗೂ ಹೇಳದೆ ಫೋನಿನ ನೋಟ್ಸ್‌ನಲ್ಲಿ ಬಚ್ಚಿಟ್ಟುಕೊಂಡಿರೋರು ನಿಮ್ಮಲ್ಲಿ ಇದ್ದೇ ಇರ್ತೀರಾ. ಈ ಸಲದ್ದು ನಿಮಗೆ. ಸಾಹಿತ್ಯ ಸಮ್ಮೇಳನಕ್ಕೆ ಒಂದ್ಸಲ ಹೋಗಿ ಬನ್ನಿ. ಆದ್ರೆ ಅಲ್ಲಿ ಏನು ಸಿಗಲ್ಲ ಅನ್ನೋದನ್ನ ಮೊದಲೇ ತಿಳ್ಕೊಂಡು ಹೋಗಿ.

ನಾನು ಹೋಗಿದ್ದು 2024ರ ಡಿಸೆಂಬರ್‌ನಲ್ಲಿ, ಮಂಡ್ಯದ 87ನೇ ಸಮ್ಮೇಳನಕ್ಕೆ. 20ರಿಂದ 22ರವರೆಗೆ ಮೂರು ದಿನ, ಗೊ.ರು. ಚನ್ನಬಸಪ್ಪ ಅಧ್ಯಕ್ಷರು. ಎರಡನೇ ದಿನ ಮೈಸೂರಲ್ಲಿ ರೈಲು ಹತ್ತಿದೆ. ಬ್ಯಾಗಲ್ಲಿ ನೀರಿನ ಬಾಟಲಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ನಾಲ್ಕು ಪುಟದ ಕಥೆ. ಯಾರಾದ್ರೂ ದೊಡ್ಡ ಲೇಖಕರು ಸಿಕ್ಕರೆ ಕೊಡೋಣ ಅಂತ ಆಸೆ.

(2/4)
ನಾನು ಕೂತಿದ್ದ ಜಾಗದಿಂದ ಮಾತಾಡ್ತಿದ್ದವರ ಮುಖ ಪರದೆ ಮೇಲೆ ಮಾತ್ರ ಕಾಣ್ತಿತ್ತು. ಭಾಷಣ ಮುಗಿದ ತಕ್ಷಣ ಲೇಖಕರ ಸುತ್ತ ಸೆಲ್ಫಿ ಗುಂಪು. ನಾನೂ ಒಂದು ಸೆಲ್ಫಿ ತಗೊಂಡೆ, ಕಥೆ ಬ್ಯಾಗಲ್ಲೇ ಉಳೀತು.

ಪುಸ್ತಕ ಮಳಿಗೆಯಲ್ಲಿ ಒಬ್ಬ ಪ್ರಕಾಶಕರನ್ನ ಧೈರ್ಯ ಮಾಡಿ ಮಾತಾಡಿಸಿದೆ. "ಹೊಸಬರ ಕಥಾಸಂಕಲನ ಹೋಗಲ್ಲಮ್ಮ. ದುಡ್ಡು ನೀವೇ ಹಾಕೋದಾದ್ರೆ ನೋಡೋಣ" ಅಂದ್ರು. ಬಿಕಾಂ ಓದ್ತಿರೋಳು ನಾನು, ಅವರ ಲೆಕ್ಕ ನನಗೆ ಅರ್ಥ ಆಗುತ್ತೆ. ಆದ್ರೂ ಗಂಟಲು ಕಟ್ಟಿತು.

ಆಮೇಲೆ ಊಟದ ಕ್ಯೂ. ಮುಂದೆ ನಿಂತಿದ್ದ ಮೇಷ್ಟ್ರೊಬ್ಬರು ಕೈಲಿದ್ದ ಹಾಳೆ ನೋಡಿ "ಏನಮ್ಮ ಅದು?" ಅಂದ್ರು. ಕೊಟ್ಟೆ. ಬಿಸಿಲಲ್ಲಿ ನಿಂತ್ಕೊಂಡೇ ನಾಲ್ಕೂ ಪುಟ ಓದಿದ್ರು. "ಕಥೆ ಚೆನ್ನಾಗಿದೆ. ಆದ್ರೆ ನಿಮ್ಮಜ್ಜಿ ಯಾಕೆ ಪಠ್ಯಪುಸ್ತಕದ ಥರ ಮಾತಾಡ್ತಾರೆ? ಮನೇಲಿ ಹೀಗೇ ಮಾತಾಡ್ತಾರಾ?"

ಮನೇಲಿ ಅಜ್ಜಿ "ಉಣ್ಣು ಬಾರವ್ವ" ಅಂತಾರೆ. ನನ್ನ ಕಥೇಲಿ "ಊಟ ಮಾಡಲು ಬಾ ಮಗಳೇ" ಅಂದಿದ್ರು. ಆ ದಿನ ನಾನು ಕಲಿತಿದ್ದು ಅದೊಂದೇ. ಅಷ್ಟೇ ಸಾಕಾಗಿತ್ತು.

(3/4)
ಈಗ ನನ್ನ ತಕರಾರು. ಆ ಪಾಠ ನನಗೆ ಸಿಕ್ಕಿದ್ದು ಅದೃಷ್ಟದಿಂದ. ಮೇಷ್ಟ್ರು ಬೇರೆ ಸಾಲಲ್ಲಿ ನಿಂತಿದ್ದಿದ್ರೆ ಸೆಲ್ಫಿ ಇಟ್ಕೊಂಡು ವಾಪಸ್ ಬರ್ತಿದ್ದೆ. 1915ರಲ್ಲಿ ಬೆಂಗಳೂರಲ್ಲಿ ಶುರುವಾದ ಸಮ್ಮೇಳನ ಇದು. ಒಂದು ಮೂಲೇಲಿ ನಾಲ್ಕು ಟೇಬಲ್ ಹಾಕಿ, ಇಪ್ಪತ್ತರ ವಯಸ್ಸಿನೋರ ಎರಡೆರಡು ಪುಟ ಓದಿ ಹೇಳೋಕೆ ಹಿರಿಯರನ್ನ ಕೂರಿಸಿದ್ರೆ ಎಷ್ಟು ಖರ್ಚಾಗುತ್ತೆ ಹೇಳಿ?

ಇನ್ನೊಂದು. ಪ್ರತಿನಿಧಿಯಾಗಿ ಹೆಸರು ನೋಂದಾಯಿಸಿದ ಸರ್ಕಾರಿ ನೌಕರರಿಗೆ ಓಓಡಿ ರಜೆ ಇದೆ. ಇರಲಿ, ಒಳ್ಳೇದೇ. ಆದ್ರೆ ಅದೇ ಸಮ್ಮೇಳನಕ್ಕೆ ಹೋದ ನನಗೆ ಕಾಲೇಜಲ್ಲಿ ಆಬ್ಸೆಂಟ್ ಬಿತ್ತು. ಯುವಕರು ಸಾಹಿತ್ಯದ ಕಡೆ ಬರ್ತಿಲ್ಲ ಅಂತ ಮೈಕ್ ಹಿಡಿದು ಕೊರಗೋ ಮೊದಲು ನಮ್ಮ ಅಟೆಂಡೆನ್ಸ್ ವಿಚಾರ ಯಾರಾದ್ರೂ ಮಾತಾಡ್ಲಿ.

"ಸಮ್ಮೇಳನ ಅಂದ್ರೆ ಜಾತ್ರೆ ಕಣೆ, ಕ್ಲಾಸ್ ಅಲ್ಲ" ಅಂದ್ಳು ಫ್ರೆಂಡ್. ಒಪ್ತೀನಿ. ಅಷ್ಟು ಜನ ಚೀಲ ತುಂಬ ಕನ್ನಡ ಪುಸ್ತಕ ಹೊತ್ಕೊಂಡು ಹೋಗೋದನ್ನ ನೋಡಿದ್ರೆ ಒಂಟಿ ಅನ್ನಿಸಲ್ಲ. ಅದಕ್ಕೇ ಹೋಗಿ ಅಂತಿರೋದು. ಆದ್ರೆ ಜಾತ್ರೇಲೂ ಮಕ್ಕಳಿಗೆ ಅಂತ ಒಂದು ತೊಟ್ಟಿಲು ಇರುತ್ತಲ್ವಾ?

(4/4)
ಹೋಗೋರಿಗೆ ನಾಲ್ಕು ಮಾತು.

ಎಲ್ಲಾ ಗೋಷ್ಠಿ ಕೇಳೋಕೆ ಹೋಗ್ಬೇಡಿ, ಎರಡು ಸಾಕು. ಉಳಿದ ಹೊತ್ತು ಮಳಿಗೆಗಳಲ್ಲಿ ಕಳೀರಿ.

ಇಡೀ ಸಂಕಲನ ಹೊತ್ಕೊಂಡು ಹೋಗ್ಬೇಡಿ. ಎರಡು ಪುಟ ಇರಲಿ, ಅದನ್ನ ಗಟ್ಟಿಯಾಗಿ ಓದಿ ನೋಡಿರಿ.

ದುಡ್ಡು ಕೊಟ್ಟು ಪುಸ್ತಕ ಮಾಡಿಸೋ ಅವಸರ ಬೇಡ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ, ಅರ್ಜಿ ಕರೆದಾಗ ಹಾಕಿ. ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಗೂ ಕಳಿಸಿ.

ಕಥೆ ಯಾರು ಓದ್ತಾರೆ ಅಂತ ಯಾರಾದ್ರೂ ಅಂದ್ರೆ ತಲೆ ತಗ್ಗಿಸ್ಬೇಡಿ. ಮಂಡ್ಯದಲ್ಲಿ ಆ ಮಾತು ಕೇಳಿ ಐದು ತಿಂಗಳಿಗೆ, 2025ರ ಮೇನಲ್ಲಿ, ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್', ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಗೆದ್ದಿತು. ಬಳ್ಳಾರಿಯ 88ನೇ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷೆಯಾಗಿ ಆರಿಸಿದ್ದಾರೆ.

ನನ್ನ ಕಥೇಲಿ ಅಜ್ಜಿ ಈಗ ಅಜ್ಜಿ ಥರಾನೇ ಮಾತಾಡ್ತಾರೆ. ನಿಮ್ಮ ನೋಟ್ಸ್‌ನಲ್ಲಿರೋ ಎರಡು ಪುಟ ನಂಗೆ ಕಳಿಸ್ತೀರಾ? ನಾನೇನು ದೊಡ್ಡ ಲೇಖಕಿ ಅಲ್ಲ. ಆದ್ರೆ ಕೂತು ಪೂರ್ತಿ ಓದ್ತೀನಿ.

#ಕನ್ನಡಕಥೆ #ಸಾಹಿತ್ಯಸಮ್ಮೇಳನ #ಬರೀತಾಇರಿ