ತೂಕ ಇಳಿಸಿದ್ದೇ ತಪ್ಪಾಗಬಾರದು

ನಮ್ಮ ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಗೆ ಬೇಲು ತಂದ ರೈತ ತೂಕದ ಯಂತ್ರವನ್ನು ನೋಡುವುದು ಒಂದೇ ಆಸೆಯಿಂದ, ಇನ್ನೊಂದೆರಡು ಕೆ.ಜಿ. ಹೆಚ್ಚು ಬರಲಿ ಎಂದು. ಮನುಷ್ಯರೂ ತಮ್ಮ ತೂಕವನ್ನು ಇದೇ ಆಸೆಯಿಂದ ನೋಡುವ ಕಾಲ ಬಂದೀತೆಂದು ನಾನು ಎಣಿಸಿರಲಿಲ್ಲ. ಕೆಲವು ತಿಂಗಳ ಹಿಂದೆ ನನ್ನ ಕ್ಲಿನಿಕ್ಕಿಗೆ ಬಂದ 52 ವರ್ಷದ ಮಹಿಳೆಯೊಬ್ಬರು ಅದನ್ನು ತೋರಿಸಿಕೊಟ್ಟರು.

"ಏನಮ್ಮಾ ಇದು, ಹೋದ ಸಲಕ್ಕಿಂತ ಎರಡು ಕೆ.ಜಿ. ಜಾಸ್ತಿ ಆಗಿದ್ದೀರಲ್ಲ?" ಎಂದೆ.

"ಇನ್ಶೂರೆನ್ಸ್‌ನೋರು ಒಪ್ಪೋಗಂಟ ಇಳಿಸ್ಬೇಡಿ ಅಂತ ನಮ್ಮ ನಾದಿನಿ ಮಗ ಹೇಳವ್ನೆ ಸಾರ್. ಇಳಿದ್ರೆ ದುಡ್ಡು ಬರಾಕಿಲ್ವಂತೆ. ಅದ್ಕೇ ರಾತ್ರಿಗೂ ಒಂದು ಮುದ್ದೆ ಜಾಸ್ತಿ ಮಾಡ್ಕಂಡಿವ್ನಿ" ಎಂದರು.

ಆಕೆಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ತೆಗೆದುಕೊಂಡರೂ ಹತೋಟಿಗೆ ಬಂದಿಲ್ಲ. ಮೂರು ವರ್ಷ ಪಥ್ಯ, ನಡಿಗೆ, ಮಾತ್ರೆ ಎಲ್ಲವೂ ಆಗಿದೆ. ನಾಲ್ಕು ಕೆ.ಜಿ. ಇಳಿದರೆ ಐದು ಕೆ.ಜಿ. ಏರುತ್ತಿತ್ತು. ಮೈಸೂರಿನ ಶಸ್ತ್ರಚಿಕಿತ್ಸಕರು ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಸಲಹೆ ಮಾಡಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಕಂಪನಿಯ ಪಾಲಿಸಿಯಲ್ಲಿ ತಾಯಿಯ ಹೆಸರೂ ಇತ್ತು. ಆಪರೇಷನ್‌ಗೆ ಮೊದಲು ಮೂರು ನಾಲ್ಕು ಕೆ.ಜಿ. ಇಳಿಸಿಕೊಂಡು ಬನ್ನಿ ಎಂದು ಶಸ್ತ್ರಚಿಕಿತ್ಸಕರು ಹೇಳಿದ್ದರೆ, ಇಳಿಸಲೇಬಾರದು ಎಂದು ನೆಂಟರು ಹೇಳಿದ್ದರು. ಆಕೆ ನೆಂಟರ ಮಾತು ಕೇಳಿದ್ದರು.

ನೆಂಟರ ಲೆಕ್ಕವನ್ನು ಪೂರ್ತಿ ತಪ್ಪೆನ್ನಲೂ ಆಗದು. ತೂಕವನ್ನು ಕೆ.ಜಿ.ಯಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಯೇ ಬಿ.ಎಂ.ಐ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯಲ್ಲಿ ಯಾವುದಕ್ಕೆ ಹಣ ಸಿಗದು ಎಂಬುದನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟಿತು. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ಅದನ್ನು ವೈದ್ಯರು ಸಲಹೆ ಮಾಡಿರಬೇಕು, ರೋಗಿಗೆ 18 ವರ್ಷ ತುಂಬಿರಬೇಕು, ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35 ಅಥವಾ ಹೆಚ್ಚಿದ್ದರೆ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ತೊಂದರೆ ಅಥವಾ ನಿದ್ರೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆ, ಇವುಗಳಲ್ಲಿ ಒಂದಾದರೂ ಇರಬೇಕು. ಬೇರೆ ಉಪಾಯಗಳಿಂದ ತೂಕ ಇಳಿಸಲು ಯತ್ನಿಸಿ ಸೋತಿರಬೇಕು.

ನಮ್ಮ ರೋಗಿಯ ಎತ್ತರ 152 ಸೆಂ.ಮೀ., ಸಲಹೆ ಪಡೆದ ದಿನದ ತೂಕ 84 ಕೆ.ಜಿ. ಬಿ.ಎಂ.ಐ. 36.4. ಶಸ್ತ್ರಚಿಕಿತ್ಸಕರ ಮಾತು ಕೇಳಿ 80 ಕೆ.ಜಿ.ಗೆ ಇಳಿದರೆ ಅದು 34.6 ಆಗುತ್ತದೆ. ಹೇಳಿದಂತೆ ಕೇಳಿದ ರೋಗಿ ಗೆರೆಯ ಹೊರಗೆ, ಇನ್ನೊಂದು ಮುದ್ದೆ ಉಂಡ ರೋಗಿ ಗೆರೆಯ ಒಳಗೆ! ಯಾವ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಆ ನಿಯಮದಲ್ಲಿ ಬರೆದಿಲ್ಲ. ತೊಂದರೆಯೆಲ್ಲ ಇಲ್ಲೇ ಇದೆ.

ಹಾಗಾದರೆ ಆಪರೇಷನ್‌ಗೆ ಮುಂಚೆ ತೂಕ ಇಳಿಸುವುದು ಏಕೆ? ಬೊಜ್ಜಿರುವ ಬಹುಪಾಲು ಜನರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಅದು ಊದಿಕೊಂಡಿರುತ್ತದೆ. ಅದರ ಎಡಭಾಗ ಜಠರದ ಮೇಲೆಯೇ ಮಲಗಿರುತ್ತದೆ. ಸಣ್ಣ ರಂಧ್ರಗಳ ಮೂಲಕ ಉಪಕರಣ ತೂರಿಸಿ ಜಠರವನ್ನು ಕತ್ತರಿಸಿ ಹೊಲಿಯುವವರಿಗೆ ಅದೇ ಅಡ್ಡಿ. ಎರಡು ವಾರ ಕಡಿಮೆ ಕ್ಯಾಲೊರಿಯ ಆಹಾರ ತೆಗೆದುಕೊಂಡರೆ ಪಿತ್ತಜನಕಾಂಗ ಕುಗ್ಗಿ, ಶಸ್ತ್ರಚಿಕಿತ್ಸಕರ ಕೈಗೆ ಜಾಗ ಸಿಗುತ್ತದೆ. ಕಂಪನಿಯ ಕಾಗದಕ್ಕಾಗಿ ತೂಕ ಏರಿಸಿಕೊಂಡವರು ತಮ್ಮ ಅಪಾಯವನ್ನು ತಾವೇ ಏರಿಸಿಕೊಂಡಂತೆ. ನಮ್ಮ ರೋಗಿಯ ಖಾಲಿ ಹೊಟ್ಟೆಯ ಸಕ್ಕರೆ ಅಂದು 240 ದಾಟಿತ್ತು. ಅಷ್ಟು ಸಕ್ಕರೆಯಿದ್ದರೆ ಗಾಯ ಮಾಯುವುದು ತಡ, ಸೋಂಕು ತಗಲುವುದು ಸುಲಭ.

ಇನ್ನೊಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಈ ಎರಡು ವಾರದ ಪಥ್ಯವನ್ನು ತಾವೇ ಶುರುಮಾಡಬಾರದು. ಊಟ ಕಡಿಮೆಯಾಗಿ ಔಷಧ ಮೊದಲಿನಷ್ಟೇ ಇದ್ದರೆ ಸಕ್ಕರೆ ಏಕಾಏಕಿ ಕುಸಿದು ಪ್ರಜ್ಞೆ ತಪ್ಪಬಹುದು. ಔಷಧದ ಪ್ರಮಾಣವನ್ನು ವೈದ್ಯರೇ ತಗ್ಗಿಸಬೇಕು.

ವಿಮಾ ಕಂಪನಿಗಳ ಮಾತಿನಲ್ಲೂ ನ್ಯಾಯವಿದೆ. ಅಂದಕ್ಕಾಗಿ ಮಾಡಿಸಿಕೊಳ್ಳುವ ಆಪರೇಷನ್‌ಗೆ ಎಲ್ಲರ ಪ್ರೀಮಿಯಂ ಹಣ ಹೋಗಬಾರದು. ಪಥ್ಯದಿಂದ, ಔಷಧದಿಂದ ತೂಕ ಇಳಿದು ಸಕ್ಕರೆಯೂ ಹತೋಟಿಗೆ ಬಂದು ಹಾಗೆಯೇ ನಿಂತಿದ್ದರೆ ಆಪರೇಷನ್ ಬೇಕೇ ಎಂದು ಕೇಳುವುದು ಸರಿಯೇ. ಆದರೆ ಆಪರೇಷನ್‌ನ ತಯಾರಿಗೆಂದೇ ಎರಡು ವಾರದಲ್ಲಿ ಇಳಿಸಿದ ನಾಲ್ಕು ಕೆ.ಜಿ.ಯನ್ನು ರೋಗ ವಾಸಿಯಾದ ಲಕ್ಷಣವೆಂದು ತಿಳಿಯುವುದು ವೈದ್ಯಶಾಸ್ತ್ರವಲ್ಲ. ಶಸ್ತ್ರಚಿಕಿತ್ಸೆಗೆ ಸಲಹೆ ಮಾಡಿದ ದಿನದ ದಾಖಲಾದ ತೂಕವೇ ಲೆಕ್ಕಕ್ಕೆ ಎಂದು ಪ್ರಾಧಿಕಾರ ಒಂದು ಸಾಲು ಸೇರಿಸಿದರೆ ಈ ಗೊಂದಲ ಮುಗಿಯುತ್ತದೆ.

ಗೆರೆಯ ಬಗ್ಗೆಯೂ ಒಂದು ಮಾತು ಹೇಳಬೇಕು. 40 ಮತ್ತು 35 ಎಂಬ ಅಂಕಿಗಳು ಅಮೆರಿಕದ ತಜ್ಞರ ಸಭೆ 1991ರಲ್ಲಿ ಹೇಳಿದವು. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುತ್ತದೆ. ಅಂತಾರಾಷ್ಟ್ರೀಯ ಶಸ್ತ್ರಚಿಕಿತ್ಸಕರ ಸಂಘಗಳು 2022ರಲ್ಲಿ ಆ ಹಳೆಯ ಗೆರೆಯನ್ನು ಕೆಳಗಿಳಿಸಿ, ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದಿವೆ. ಅಷ್ಟು ಕೆಳಗಿನವರಿಗೆಲ್ಲ ಆಪರೇಷನ್ ಆಗಲಿ ಎಂಬುದು ನನ್ನ ವಾದವಲ್ಲ. ಪಥ್ಯ, ನಡಿಗೆ, ಔಷಧಗಳೇ ಮೊದಲು. ಆಪರೇಷನ್ ಆದವರೂ ಜೀವನಪೂರ್ತಿ ವಿಟಮಿನ್ ಮಾತ್ರೆ, ಮಿತ ಊಟ, ವೈದ್ಯರ ತಪಾಸಣೆ ಬಿಡುವಂತಿಲ್ಲ. ಆದರೆ 36 ಇದ್ದವರು 34.6ಕ್ಕೆ ಇಳಿದರೆಂದು ಬಾಗಿಲು ಹಾಕುವಷ್ಟು ಆ ಗೆರೆ ಪವಿತ್ರವಲ್ಲ.

ನಿಯಮ ಬದಲಾಗುವ ತನಕ ಮನೆಯವರು ಮಾಡಬೇಕಾದದ್ದು ಇಷ್ಟು. ಪ್ರತಿ ಭೇಟಿಯಲ್ಲೂ ತೂಕ ಮತ್ತು ಎತ್ತರವನ್ನು ತಾರೀಖು, ಸಹಿಯೊಡನೆ ಚೀಟಿಯಲ್ಲಿ ಬರೆಸಿಕೊಳ್ಳಿ. ಎತ್ತರ ಅಳೆಯುವಾಗ ಚಪ್ಪಲಿ ಬಿಚ್ಚಿ, ತುರುಬು ಸಡಿಲಿಸಿ ನಿಲ್ಲಿ. ನಮ್ಮ ರೋಗಿಯ ಎತ್ತರವನ್ನು ಯಾರಾದರೂ ಅಂದಾಜಿನಲ್ಲಿ 156 ಎಂದು ಬರೆದಿದ್ದರೆ, 84 ಕೆ.ಜಿ. ಇದ್ದಾಗಲೇ ಬಿ.ಎಂ.ಐ. 34.5 ಆಗಿಬಿಡುತ್ತಿತ್ತು. ಮಾಡಿದ ಪಥ್ಯ, ತೆಗೆದುಕೊಂಡ ಔಷಧ, ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ಕವರಿನಲ್ಲಿ ಜೋಪಾನ ಮಾಡಿ. ಯತ್ನಿಸಿ ಸೋತಿದ್ದಕ್ಕೆ ಅವೇ ಸಾಕ್ಷಿ. ಪಾಲಿಸಿಯಲ್ಲಿ ಕಾಯಬೇಕಾದ ಅವಧಿ ಎಷ್ಟೆಂದು ಮೊದಲೇ ಕೇಳಿ. ಪೂರ್ವಾನುಮತಿಯ ಅರ್ಜಿಯಲ್ಲಿ ಸಲಹೆಯ ದಿನದ ತೂಕ ಮತ್ತು ಈಗಿನ ತೂಕ ಎರಡನ್ನೂ ಬರೆದು, ಇಳಿಕೆ ವೈದ್ಯರ ಸೂಚನೆಯಂತೆ ಆದದ್ದು ಎಂದು ಶಸ್ತ್ರಚಿಕಿತ್ಸಕರಿಂದ ಪತ್ರ ಪಡೆಯಿರಿ. ಸುಳ್ಳು ತೂಕ ಬರೆಸಬೇಡಿ. ಅದು ಸಿಕ್ಕಿಬಿದ್ದರೆ ಇಡೀ ಅರ್ಜಿಯೇ ಹೋಗುತ್ತದೆ. ಕಂಪನಿ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ನಮ್ಮಂಥ ಹಳ್ಳಿಯ ವೈದ್ಯರಿಗೂ ಇದರಲ್ಲಿ ಪಾಠವಿದೆ. ಜ್ವರ, ಕೆಮ್ಮಿನ ಗಡಿಬಿಡಿಯಲ್ಲಿ ತೂಕ ನೋಡುವುದನ್ನೇ ಬಿಟ್ಟುಬಿಡುತ್ತೇವೆ. ನೋಡಿದರೂ ಬರೆಯುವುದಿಲ್ಲ. ಅಂದು ಬರೆಯದ ಒಂದು ಅಂಕಿಗಾಗಿ ಇಂದು ಒಂದು ಕುಟುಂಬ ಲಕ್ಷಾಂತರ ರೂಪಾಯಿ ಸಾಲ ಮಾಡಬೇಕಾದೀತು.

ಆ ಮಹಿಳೆ ರಾತ್ರಿಯ ಹೆಚ್ಚುವರಿ ಮುದ್ದೆಯನ್ನು ಬಿಟ್ಟರು. ಆಸ್ಪತ್ರೆ ಸೇರಿದ ದಿನ ತೂಕ 80 ಕೆ.ಜಿ. ಕಂಪನಿ ಪ್ರಶ್ನೆ ಎತ್ತಿಯೇ ಎತ್ತಿತು. ಮೂರು ವರ್ಷದ ಚೀಟಿಗಳನ್ನು ಆಕೆ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅವುಗಳ ಜೊತೆ ನನ್ನದೊಂದು, ಶಸ್ತ್ರಚಿಕಿತ್ಸಕರದೊಂದು ಪತ್ರ ಹೋದ ಮೇಲೆ ಒಪ್ಪಿಗೆ ಬಂತು. ಆದರೆ ಎಲ್ಲರ ಪೆಟ್ಟಿಗೆಯಲ್ಲೂ ಹಳೆಯ ಚೀಟಿಗಳಿರುವುದಿಲ್ಲ. ವೈದ್ಯರ ಮಾತು ಕೇಳಿದ ರೋಗಿಗೆ ಶಿಕ್ಷೆಯಾಗದಂತೆ ನಿಯಮವೇ ನೋಡಿಕೊಳ್ಳಬೇಕು.