ಬೆರಟಿಗೆ ರುಚಿ ಬಪ್ಪದು ಹೆಮ್ಮಕ್ಕಳ ಕೈಬೇನೆಂದ ಅಲ್ಲ

ಮೊನ್ನೆ ಎಂಗಳ ನೆರೆಕರೆಲಿ ಒಂದು ಜೆಂಬ್ರ. ಪಾಯಸಕ್ಕೆ ಬೆರಟಿ ಎನ್ನ ಮನೆಂದ ಹೋದ್ದು. ಎರಡ್ನೇ ಸರ್ತಿ ಬಳುಸುಲೆ ಬಂದಪ್ಪಗಳೂ ಆರೂ ಬೇಡ ಹೇಳಿದ್ದವಿಲ್ಲೆ. ಊಟ ಆಗಿ ಎಲೆ ತಿಂದೊಂಡು ಕೂದ ಒಬ್ಬ ಪ್ರಾಯದ ಮಾವ ಕೇಳಿದವು, "ಬೆರಟಿ ಲಾಯ್ಕಾಯಿದು, ಎಷ್ಟು ಹೊತ್ತು ಕಾಸಿದೆ ಕೂಸೇ?" ಆನು ಇಪ್ಪದರ ಹೇಳಿದೆ. "ಎಂಟು ಗಂಟೆ ಮಾವ. ಆದರೆ ಕಾಸಿದ್ದು ಆನಲ್ಲ, ಸ್ಲೋ ಕುಕ್ಕರ್." ಅಷ್ಟಪ್ಪಗ ಅವರ ಮೋರೆ ಸಣ್ಣ ಆತು. "ಅಂಬಗ ಇದು ಬೆರಟಿ ಅಲ್ಲ, ಜಾಮು. ಈಗಾಣ ಹೆಮ್ಮಕ್ಕೊಗೆ ಮೈ ಬಗ್ಗುತ್ತಿಲ್ಲೆ" ಹೇಳಿದವು. ಹತ್ತರೆ ಇದ್ದ ಎರಡು ಮೂರು ಜೆನ ನೆಗೆ ಮಾಡಿದವು. ಆನೂ ನೆಗೆ ಮಾಡಿದೆ. ಮನಗೆ ಬಂದ ಮೇಲೆ ಎನಗೆ ನೆಗೆ ಬಯಿಂದಿಲ್ಲೆ. ಅಲ್ಲಿ ಹೇಳ್ಲೆ ಎಡಿಯದ್ದರ ಇಲ್ಲಿ ಬರೆತ್ತಾ ಇದ್ದೆ.

ಪೇಟೆಲಿ ಬೆಳದ ಸೊಸೆಯಕ್ಕೊಗೆ ಗೊಂತಾಗಲಿ ಹೇಳಿ ಒಂದು ಮಾತು. ಹಲಸಿನ ಹಣ್ಣಿನ ಸೊಳೆಯ ಕಡದು, ಬೆಲ್ಲ ಹಾಕಿ, ನೀರಿನ ಅಂಶ ಹೋಪನ್ನಾರ ಕಾಸಿ ಮುದ್ದೆ ಮಾಡಿದ್ದೇ ಬೆರಟಿ. ಭರಣಿಲಿ ತುಂಬುಸಿ ಮಡುಗಿರೆ ಆಟಿ ತಿಂಗಳ ಜೆಡಿಮಳೆಗೂ ಪಾಯಸ ಅಕ್ಕು. ಇದೇ ಜಾತಿದು ಅಮೇರಿಕಲ್ಲಿಯೂ ಇದ್ದು, ಆಪಲ್ ಬಟರ್ ಹೇಳಿ. ಹೆಸರಿಲಿ ಬೆಣ್ಣೆ, ಒಳ ಬೆಣ್ಣೆ ಒಂದು ಚೂರೂ ಇಲ್ಲೆ. ಆಪಲಿನ ಬೇಶಿ, ಕಡದು, ಮಂದ ಅಪ್ಪನ್ನಾರ ಕಾಸುದು. ಬೆಣ್ಣೆಯ ಹಾಂಗೆ ಬ್ರೆಡ್ಡಿಂಗೆ ಕಿಟ್ಟುಲೆ ಆವುತ್ತು, ಹಾಂಗಾಗಿ ಆ ಹೆಸರು. ಮಗಳ ಬಾಳಂತನಕ್ಕೆ ಪೆನ್ಸಿಲ್ವೇನಿಯಕ್ಕೆ ಹೋಗಿಪ್ಪಗ ಆನು ಸುರುವಿಂಗೆ ನೋಡಿದ್ದು. ಅಲ್ಯಾಣ ಹಳಬ್ಬರು ಹೆರ ಜಾಲಿಲಿ ದೊಡ್ಡ ತಾಮ್ರದ ಹಂಡೆ ಮಡುಗಿ, ಸೌದಿ ಕಿಚ್ಚಿಲಿ, ಉದ್ದ ಹಿಡಿಯ ಮರದ ಸಟ್ಟುಗಲ್ಲಿ ಇಡೀ ದಿನ ಸರದಿ ಮೇಲೆ ತೊಳಸುಗಡ. ಈಗ ಮನೆಗಳಲ್ಲಿ ಸ್ಲೋ ಕುಕ್ಕರಿಲಿ ಮಾಡ್ತವು. ಹೆಸರು ಆಪಲ್ ಬಟರ್ ಹೇಳಿಯೇ ಇದ್ದು. ಅದರ ಜಾಮು ಹೇಳಿ ಆರೂ ಜಾತಿಂದ ಹೆರ ಹಾಕಿದ್ದವಿಲ್ಲೆ.

ಈ ಯಂತ್ರವ ಸೋಮಾರಿಗೊ ಕಂಡು ಹಿಡುದ್ದು ಹೇಳಿಯೂ ಗ್ರೇಶೆಡಿ. ಅಮೇರಿಕದ ಇರ್ವಿಂಗ್ ನ್ಯಾಕ್ಸನ್ ಹೇಳ್ತವು 1940ರಲ್ಲಿ ಇದಕ್ಕೆ ಪೇಟೆಂಟ್ ತೆಕ್ಕೊಂಡವು. ಅವರ ಅಬ್ಬೆ ಸಣ್ಣಾಗಿಪ್ಪಗ ಲಿಥುವೇನಿಯಲ್ಲಿ ಕಂಡದರ ಮಗಂಗೆ ಹೇಳಿತ್ತಡ. ಯಹೂದ್ಯರಿಂಗೆ ಸಬ್ಬತ್ತಿನ ದಿನ ಅಡಿಗೆ ಮಾಡ್ಲೆ ಆಗ. ಹಾಂಗಾಗಿ ಮುನ್ನಾಣ ದಿನ ಹೊತ್ತೋಪಗಳೇ ಅಳಗೆಯ ಬೇಕರಿಯ ಒಲೆಲಿ ಮಡುಗಿಕ್ಕಿ ಬಪ್ಪದು, ಆರಿಯೊಂಡು ಹೋಪ ಕಾವಿಲಿ ಅದು ಮರದಿನಕ್ಕೆ ಬೇವದು. ಆ ಕತೆಂದಲೇ ಈ ಪಾತ್ರೆ ಹುಟ್ಟಿದ್ದು. 1971ರಲ್ಲಿ ಕ್ರಾಕ್-ಪಾಟ್ ಹೇಳ್ತ ಹೆಸರಿಲಿ ಪೇಟಗೆ ಬಂತು. ನಮ್ಮ ಅಜ್ಜಿಯಕ್ಕೊ ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲು ಮಡುಗಿದ್ದೂ ಇದೇ ಬುದ್ಧಿಲಿ ಅಲ್ಲದಾ?

ಈಗ ಎನ್ನ ಅಬ್ಬೆಯ ಕೈಯ ವಿಷಯ. ಬಲದ ಕೈಲಿ, ಬಳೆಂದ ಮೇಲೆ, ಮೂರು ಬೆಳಿ ಕಲೆ ಇದ್ದು. ಮೂರೂ ಬೆರಟಿದು. ಬೆರಟಿ ಮಂದ ಅಪ್ಪಗ ಗುಳ್ಳೆ ಎದ್ದು ಹೊಟ್ಟಿ ರಟ್ಟುತ್ತು. ಬೆಲ್ಲದ ಅಂಟು, ಚರ್ಮಕ್ಕೆ ಹಿಡುದರೆ ಬಿಡ್ತಿಲ್ಲೆ. ಹಾಂಗೆ ಹೇಳಿ ಅಬ್ಬೆ ಒಬ್ಬಳೇ ಕಾಸಿದ್ದಲ್ಲ. ಅಜ್ಜಿ, ದೊಡ್ಡಬ್ಬೆ, ಚಿಕ್ಕಮ್ಮ, ಇಬ್ರು ಸೋದರತ್ತೆಕ್ಕೊ ಇತ್ತಿದ್ದವು. ಸಟ್ಟುಗ ಕೈಂದ ಕೈಗೆ ಹೋಕು. ಒಂದು ಜೆನಕ್ಕೆ ಕೈ ಬಚ್ಚಿರೆ ಇನ್ನೊಂದು ಜೆನ ಕೂರುಗು. ಆ ಬಾಣಲೆ ಅಷ್ಟು ಜೆನರ ಕೈಗೆ ಹೇಳಿಯೇ ಇದ್ದದ್ದು. ಈಗ ಅದೇ ಬಾಣಲೆಯ ಎದುರು ಆನೊಬ್ಬಳೇ. ಪ್ರಾಯ 56. ಬಲದ ಹೆಗಲು ತಲೆ ಬಾಚುವಷ್ಟುದೇ ಏಳ್ತಿಲ್ಲೆ.

ಹೆಗಲು ಹಿಡುದ ಮೇಲೆ ನಾಕು ವರ್ಷ ಎಂಗಳ ಮನೆಲಿ ಬೆರಟಿ ಕಾಸಿದ್ದಿಲ್ಲೆ. ಹಲಸಿನ ಹಣ್ಣು ಮರದ ಬುಡಲ್ಲಿ ಬಿದ್ದು ಕೊಳದತ್ತು, ನೆಳವು ತುಂಬಿತ್ತು, ದನಗೊ ತಿಂದಷ್ಟು ತಿಂದವು. ಆ ನಾಕು ವರ್ಷಲ್ಲಿ ಒಂದು ಜೆನವೂ "ಸಂಪ್ರದಾಯ ಹೋತನ್ನೆ" ಹೇಳಿ ಮನಗೆ ಬಂದು ಕೇಳಿದ್ದವಿಲ್ಲೆ. "ಆನು ಒಂದು ಗಂಟೆ ತೊಳಸುತ್ತೆ" ಹೇಳಿದವಂತೂ ಇಲ್ಲಲೇ ಇಲ್ಲೆ. ಅಂಗಡಿಂದ ಜಾಮುನು ತಂದು ತಿಂದವು. ಯಂತ್ರ ಬಂದು ಬೆರಟಿ ಪುನಾ ಎಲಗೆ ಬಿದ್ದ ಮೇಲೆ ಮಾಂತ್ರ ಸಂಪ್ರದಾಯದ ನೆಂಪಾತು! ಬೆರಟಿಯ ಹಾಳು ಮಾಡಿದ್ದು ಕುಕ್ಕರ್ ಅಲ್ಲ ಅಕ್ಕಂದಿರೇ. ಮನೆಲಿ ಕೈಗೊ ಕಮ್ಮಿ ಆದರೂ ಕೆಲಸ ಅಷ್ಟೇ ಉಳುದತ್ತನ್ನೆ, ಅದು ಹಾಳು ಮಾಡಿದ್ದು.

ಇನ್ನು ರುಚಿಯ ಮಾತು. ಬೆರಟಿಗೆ ರುಚಿ ಬಪ್ಪದು ನೀರು ಹೋಗಿ, ಹಣ್ಣಿನ ಸೀವು ನಿಧಾನಕ್ಕೆ ಕೆಂಪಪ್ಪದರಿಂದ. ಆ ಕೆಲಸ ಕಾವಿಂದು, ಸಟ್ಟುಗದ್ದಲ್ಲ. ಸಟ್ಟುಗ ಆಡುಸುದು ಅಡಿ ಹಿಡಿಯದ್ದ ಹಾಂಗೆ, ಅಷ್ಟೇ. ಅಡಿಲಿ ಕಿಚ್ಚು ಜೋರಿಲ್ಲದ್ದರೆ ಅಡಿ ಹಿಡಿತ್ತೂ ಇಲ್ಲೆ, ಕರಂಚುತ್ತೂ ಇಲ್ಲೆ. ಮತ್ತೆ ಹೆಮ್ಮಕ್ಕೊ ಎಂತಕೆ ಐದು ಗಂಟೆ ಹೊಗೆಲಿ ನಿಲ್ಲೆಕ್ಕು?

ಆನು ಮಾಡುವ ಕ್ರಮ ಹೇಳ್ತೆ. ಮಗಳು ಅದರ ಕುಕ್ಕರನ್ನೇ ಕಟ್ಟಿ ಕೊಡ್ತೆ ಹೇಳಿತ್ತು. ಆದರೆ ಅಲ್ಯಾಣ ಕರೆಂಟು 120 ವೋಲ್ಟು, ಇಲ್ಲಿ 230. ಸೀದಾ ಸಿಕ್ಕುಸಿರೆ ಸುಟ್ಟು ಹೋಕು. ಹಾಂಗಾಗಿ ಇಲ್ಲಿಯೇ ತೆಗದೆ. ಬೇಳೆ ತೆಗದ ಸೊಳೆ 2 ಕಿಲೊ, ಬೆಲ್ಲ 1 ಕಿಲೊ, ತುಪ್ಪ 4 ಚಮ್ಚ. ಬಕ್ಕೆ ಆದರೆ ನೀರು ಹಾಕದ್ದೆ ಮಿಕ್ಸಿಲಿ ಕಡೆಯೆಕ್ಕು, ತುಳುವ ಆದರೆ ಕಿವುಚಿ ನಾರು ತೆಗೆಯೆಕ್ಕು. ಪಾತ್ರೆಯ ಮುಕ್ಕಾಲಿಂದ ಹೆಚ್ಚು ತುಂಬುಸುಲೆ ಆಗ. ಮುಚ್ಚಲು ಪೂರ ಮುಚ್ಚುಲೂ ಆಗ. ಮುಚ್ಚಿರೆ ಹಬೆ ಒಳವೇ ನೀರಾಗಿ ಬೀಳ್ತು, ಇರುಳಾದರೂ ಮಂದ ಆವುತ್ತಿಲ್ಲೆ. ಬಾಯಿಗೆ ಅಡ್ಡ ಒಂದು ಮರದ ಸಟ್ಟುಗ ಮಡುಗಿ ಅದರ ಮೇಲೆ ಮುಚ್ಚಲು ಮಡುಗಿ, ಆ ಎಡೆಲಿ ಹಬೆ ಹೋಕು. ಸುರುವಾಣ ಎರಡು ಗಂಟೆ ಹೈ, ಮತ್ತೆ ಲೋ. ಗಂಟಗೊಂದರಿ ತೊಳಸಿರೆ ಸಾಕು. ಐದಾರು ಗಂಟೆ ಕಳುದ ಮೇಲೆ ಬೆಲ್ಲವ ರಜ ನೀರಿಲಿ ಕರಗುಸಿ, ಸೋಸಿ ಹಾಕೆಕ್ಕು. ಎಂಟು ಗಂಟೆ ಅಪ್ಪಗ ಬಾಣಲಗೆ ಹಾಕಿ, ತುಪ್ಪ ಬಿಟ್ಟು, ಸಣ್ಣ ಕಿಚ್ಚಿಲಿ ಮುಕ್ಕಾಲು ಗಂಟೆ ಕಾಸಿ ತಳ ಬಿಡುಸೆಕ್ಕು. ಒಂದು ಚೂರು ತಟ್ಟೆಲಿ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಸುತ್ತ ನೀರು ಬಿಟ್ಟರೆ ಇನ್ನೂ ಆಯಿದಿಲ್ಲೆ.

ತಕರಾರು ಇಪ್ಪದರನ್ನೂ ಹೇಳೆಕ್ಕನ್ನೆ. ಸೌದಿ ಒಲೆಯ ಹೊಗೆ ಪರಿಮ್ಮಳ ಇದರಲ್ಲಿ ಇಲ್ಲೆ, ಒಪ್ಪುತ್ತೆ. ಹಲಸು ಆಪಲಿನ ಹಾಂಗೆ ಹುಳಿ ಇಪ್ಪ ಹಣ್ಣಲ್ಲ. ಹಾಂಗಾಗಿ ಕಡೇಣ ಮುಕ್ಕಾಲು ಗಂಟೆಯ ಬಿಟ್ಟರೆ ಬೂಸರು ಬಕ್ಕು. ಎನಗೆ ಸಂಶಯ ಇದ್ದರೆ ಫ್ರಿಜ್ಜಿಲಿ ಮಡುಗುತ್ತೆ. ಮಳೆಗಾಲಲ್ಲಿ ಕರೆಂಟು ಹೋದರೆ ಬೆಶ್ನೀರಿನ ಹಾಂಗೆ ಕೂರುಲೆ ಬಿಡದ್ದೆ ಗ್ಯಾಸಿಂಗೆ ಮಡುಗೆಕ್ಕು. ಖರ್ಚು ಹೇಳಿರೆ, ಎನ್ನದರ ಅಡಿಲಿ 230 ವ್ಯಾಟ್ ಹೇಳಿ ಬರದ್ದು. ಎಂಟು ಗಂಟಗೆ ಎರಡು ಯೂನಿಟ್ಟೂ ಆವುತ್ತಿಲ್ಲೆ. ಆ ಹೊತ್ತಿಲಿ ಆನು ಅಡಿಗೆ ಮಾಡಿ, ಹಟ್ಟಿ ಕೆಲಸ ಮುಗುಶಿ, ಮಧ್ಯಾಹ್ನ ಒಂದು ಒರಕ್ಕೂ ಒರಗುತ್ತೆ. ಒರಗಿದ್ದಕ್ಕೆ ಬೆರಟಿ ಎಂತ ಬೇಜಾರು ಮಾಡಿದ್ದಿಲ್ಲೆ.

ಗ್ರೈಂಡರ್ ಬಂದಪ್ಪಗಳೂ ಇದೇ ಮಾತು ಇತ್ತು, "ಕಡವ ಕಲ್ಲಿನ ದೋಸೆಯ ರುಚಿ ಇಲ್ಲೆ" ಹೇಳಿ. ಹಾಂಗೆ ಹೇಳಿದವರ ಮನೆಯ ಕಡವ ಕಲ್ಲು ಈಗ ಜಾಲಿನ ಕರೆಲಿ ಇದ್ದು, ಮಳೆನೀರು ನಿಂದು ಕಾಕೆ ಮೀತ್ತು. ಅಡಕ್ಕೆ ಸೊಲಿವಲೆ ಯಂತ್ರ ಬಂದಪ್ಪಗ, ತೋಟಕ್ಕೆ ಪಂಪು ಬಂದಪ್ಪಗ ಗೆಂಡುಮಕ್ಕೊಗೆ ಮೈ ಬಗ್ಗುತ್ತಿಲ್ಲೆ ಹೇಳಿ ಆರೂ ಹೇಳಿದ್ದವಿಲ್ಲೆ. ಅದು ಅನುಕೂಲ, ಅಟ್ಟುಂಬೊಳಕ್ಕೆ ಬಂದರೆ ಸೋಮಾರಿತನ. ಈ ಲೆಕ್ಕ ಎನಗೆ ಅರ್ಥ ಆವುತ್ತಿಲ್ಲೆ.

ಸುರುವಾಣ ಸರ್ತಿ ಕುಕ್ಕರಿಲಿ ಮಾಡಿದ ಬೆರಟಿಯ ಅಬ್ಬೆಗೆ ತೆಕ್ಕೊಂಡು ಹೋದೆ. ಒಂದು ಚಮ್ಚ ತಿಂದತ್ತು. ರುಚಿ ಬಗ್ಗೆ ಎಂತದೂ ಹೇಳಿದ್ದಿಲ್ಲೆ. ಎನ್ನ ಕೈ ಹಿಡುದು ಆಚೆ ಈಚೆ ತಿರುಗುಸಿ ನೋಡಿಕ್ಕಿ, "ಒಂದು ಬೊಕ್ಕೆಯೂ ಇಲ್ಲೆನ್ನೆ" ಹೇಳಿತ್ತು. ಮತ್ತೆ ಇನ್ನೊಂದು ಚಮ್ಚ ಕೇಳಿತ್ತು.

ಬಪ್ಪ ವರ್ಷ ಆ ಮಾವಂಗೆ ಹಳೆ ನಮುನೆ ಬೆರಟಿಯೇ ಆಯೆಕ್ಕು ಹೇಳಿ ಇದ್ದರೆ, ಎನ್ನ ಅಟ್ಟಲ್ಲಿ ಬಾಣಲೆ ಇದ್ದು, ಕೊಟ್ಟಗೆಲಿ ಸೌದಿ ಇದ್ದು. ಉದಿಯಪ್ಪಗ ಏಳು ಗಂಟಗೆ ಬರಳಿ. ಸಟ್ಟುಗ ಅವರ ಕೈಗೇ ಕೊಡ್ತೆ, ಕಾಪಿ ಆನು ಮಾಡಿ ತತ್ತೆ. ನಿಂಗೊ ಮಾಂತ್ರ ಅಷ್ಟು ದಿನ ಕಾಯೆಡಿ. ಮಳೆ ಹಿಡುದರೆ ಹಣ್ಣು ನೀರು ನೀರಾವುತ್ತು, ಈ ವಾರವೇ ಒಂದು ಕೊರದು ಹಾಕಿ. ಆರಾದರೂ ಎಂತಾದರೂ ಹೇಳಿರೆ ಎನ್ನ ಹೆಸರು ಹೇಳಿ.