ಅನರ್ಥದಂಡದ ಹೊಗೆ

ಹೊಗೆಸೊಪ್ಪಿನ ಮಾತು ಬಂದಾಗಲೆಲ್ಲ ಶ್ರಾವಕರಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಮುಂದಿಡುತ್ತಾರೆ. ‘ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ – ಸಪ್ತವ್ಯಸನಗಳೆಂದರೆ ಇಷ್ಟೇ. ಇವುಗಳಲ್ಲಿ ಚುಟ್ಟ, ಬೀಡಿಗಳು ಎಲ್ಲಿವೆ?’ ಪ್ರಶ್ನೆ ಜಾಣತನದ್ದೇ. ಆದರೆ ಉತ್ತರ ಕಠಿಣವಲ್ಲ. ಆಚಾರ್ಯರು ಈ ಏಳನ್ನು ಎಣಿಸಿದ ಕಾಲಕ್ಕೆ ಹೊಗೆಸೊಪ್ಪು ಈ ನೆಲದಲ್ಲಿ ಇರಲೇ ಇಲ್ಲ. ಅಮೆರಿಕದ ಆ ಗಿಡ ಪೋರ್ಚುಗೀಸರ ಮೂಲಕ ಬಂದು ದಖ್ಖನಿನಲ್ಲಿ ಹರಡಿತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾಗಿ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗನು ಇದನ್ನು ಅಲ್ಲಿ ಕಂಡು, ಸೋಜಿಗದ ವಸ್ತುವೆಂದು ಕೊಂಡೊಯ್ದು ಬಾದಶಹನಿಗೆ ಒಪ್ಪಿಸಿದನು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ನಿಷೇಧ ಉಳಿಯಲಿಲ್ಲ, ಹೊಗೆ ಉಳಿಯಿತು.

ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಅಪ್ಪಣೆ ದೊರೆತಂತಾಗದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥನಿಗೆ ವಿಧಿಸುವ ಗುಣವ್ರತಗಳಲ್ಲಿ ‘ಅನರ್ಥದಂಡವಿರತಿ’ ಒಂದು. ಯಾವ ಪ್ರಯೋಜನವೂ ಇಲ್ಲದೆ ಜೀವಿಗಳಿಗೆ ನೋವುಂಟುಮಾಡುವುದೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ‘ಪ್ರಮಾದಚರ್ಯೆ’ಯೂ ಸೇರಿದೆ. ವೃಥಾ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಮರಗಳನ್ನು ಕಡಿಯುವುದು – ಇವೇ ಪ್ರಮಾದಚರ್ಯೆ. ಈಗ ಒಂದು ಚುಟ್ಟವನ್ನು ಈ ಅಳತೆಗೋಲಿನ ಎದುರಿಗಿಟ್ಟು ನೋಡಿರಿ. ಎಲೆ ವನಸ್ಪತಿಕಾಯ, ಕಿಡಿ ಅಗ್ನಿಕಾಯ, ಎಳೆದು ಬಿಡುವ ಉಸಿರಿನ ಹೊಗೆಯಿಂದ ಕಲುಷಿತವಾಗುವುದು ವಾಯುಕಾಯ. ಮೂರು ಬಗೆಯ ಏಕೇಂದ್ರಿಯ ಜೀವಿಗಳ ಘಾತ ಒಂದೇ ಸುರುಳಿಯಲ್ಲಿ ನಡೆಯುತ್ತದೆ. ಅಡುಗೆಯ ಒಲೆಗೂ ಬೆಂಕಿ ಬೇಕಲ್ಲವೆ ಎಂದರೆ, ಬೇಕು. ಆ ಬೆಂಕಿಯಿಂದ ಮನೆಯವರ ಹಸಿವು ಹಿಂಗುತ್ತದೆ, ಅತಿಥಿಗೆ ಆಹಾರದಾನವಾಗುತ್ತದೆ. ಚುಟ್ಟದ ಬೆಂಕಿಯಿಂದ ಆಗುವುದೇನು?

‘ಸುಖವಾಗುತ್ತದೆ’ ಎಂಬುದು ಸೇದುವವರ ಉತ್ತರ. ಅದನ್ನೂ ತಳ್ಳಿಹಾಕದೆ ಪರಿಶೀಲಿಸೋಣ. ಕಡಿಮೆ ಬೆಲೆಯ ಚುಟ್ಟದ ಅನುಭವ ಅದನ್ನು ಬಲ್ಲವರಿಗೆಲ್ಲ ಗೊತ್ತು. ಮೊದಲ ನಾಲ್ಕಾರು ಎಳೆತಗಳಲ್ಲಿ ಘಮಲುಂಟು. ಅರ್ಧಕ್ಕೆ ಬರುವಷ್ಟರಲ್ಲಿ ನಾಲಗೆ ಉರಿಯುತ್ತದೆ. ಉರಿದಷ್ಟೂ ಸಾರವೆಲ್ಲ ತುದಿಯ ಕಡೆ ಸಂಗ್ರಹವಾಗಿ, ಕೊನೆಯ ಅಂಗುಲ ಬರಿಯ ಕಹಿ. ಆದರೂ ಮರುದಿನ ಅದೇ ಹೊತ್ತಿಗೆ ಕೈ ಅದನ್ನೇ ಹುಡುಕುತ್ತದೆ. ‘ನಾವು ಹೊಗೆಯನ್ನು ಒಳಗೆ ಎಳೆಯುವುದಿಲ್ಲ, ಬಾಯಲ್ಲಿಟ್ಟು ಬಿಡುತ್ತೇವೆ’ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಚುಟ್ಟದ ಹೊಗೆ ಕ್ಷಾರಗುಣದ್ದಾದುದರಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತವನ್ನು ಸೇರುತ್ತದೆ; ಬಾಯಿಯ ಕ್ಯಾನ್ಸರಿಗೂ ಅದು ದಾರಿ. ಇಂದ್ರಿಯಸುಖವು ಪರಾಧೀನವಾದುದು, ನಡುವೆ ಕಡಿದುಹೋಗುವುದು, ಬಂಧಕ್ಕೆ ಕಾರಣವಾದುದು, ಆದ್ದರಿಂದ ಅದು ದುಃಖವೇ ಎಂಬುದು ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ತೋರುವ ದೃಷ್ಟಿ. ಇದಕ್ಕೆ ಚುಟ್ಟಕ್ಕಿಂತ ಸುಲಭದ ನಿದರ್ಶನ ಬೇರೆ ಬೇಕೆ?

ಸೇದುವವನ ದೇಹಕ್ಕೆ ಮಾತ್ರ ಹಾನಿಯೆಂದಾದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ನಮ್ಮ ದೇವರಾಯನದುರ್ಗವನ್ನು ನೆನೆಯಿರಿ. ಭೋಗನರಸಿಂಹ, ಯೋಗನರಸಿಂಹರ ದರ್ಶನಕ್ಕೂ ನಾಮದ ಚಿಲುಮೆಯನ್ನು ನೋಡುವುದಕ್ಕೂ ಜನ ನಿತ್ಯ ಬರುತ್ತಾರೆ. ಮಾಘ ಕಳೆದ ಮೇಲೆ ಅಲ್ಲಿನ ಹುಲ್ಲು ಒಣಗಿ ಗರಿಗರಿಯಾಗುತ್ತದೆ. ಬಂಡೆಯ ನೆರಳಿನಲ್ಲಿ ಕುಳಿತು ಸೇದಿ, ನಂದಿಸದೆ ಎಸೆದ ಒಂದು ತುಂಡು ಸಾಕು. ಉಳಿದುದನ್ನು ಗಾಳಿ ಮಾಡುತ್ತದೆ. ಆ ಕಾಡಿನಲ್ಲಿ ನಿಧಾನಗತಿಯ ಕಾಡುಪಾಪವಿದೆ, ಕರಡಿಯಿದೆ, ನವಿಲಿದೆ; ಅಪರೂಪದ ಹಳದಿ ಕೊರಳಿನ ಪಿಕಳಾರವೂ ಇದೆ. ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿ, ಬಿಲದೊಳಗಿನ ಮರಿ, ಹುಲ್ಲಿನ ಬುಡದ ಇರುವೆಗಳಿಗೆ ಓಡಿಹೋಗಲು ಎಡೆಯೆಲ್ಲಿ? ಜಯಮಂಗಲಿ, ಶಿಂಷಾ ನದಿಗಳು ಹುಟ್ಟುವುದೂ ಇದೇ ಬೆಟ್ಟಸಾಲಿನಲ್ಲಿ. ಮೇಲಿನ ಹಸಿರು ಸುಟ್ಟರೆ ಕೆಳಗಿನ ಊರುಗಳ ನೀರಿಗೂ ಕುಂದು. ಶ್ರಾವಕನಿಗೆ ನಿಷಿದ್ಧವಾದ 15 ಕರ್ಮಾದಾನಗಳಲ್ಲಿ ‘ದವಾಗ್ನಿದಾಪನ’, ಅಂದರೆ ಕಾಡಿಗೆ ಬೆಂಕಿಯಿಡುವುದೂ ಒಂದೆಂದು ಆಗಮ ಹೇಳುತ್ತದೆ. ಬೇಕೆಂದೇ ಇಟ್ಟರೂ ಪ್ರಮಾದದಿಂದ ಇಟ್ಟರೂ ಸುಡುವ ಬೆಂಕಿ ಒಂದೇ.

ಇದೇ ತುಮಕೂರಿನ ಮಗ್ಗುಲಲ್ಲಿರುವ ಮಂದರಗಿರಿಯ ಬಸದಿಬೆಟ್ಟದಲ್ಲಿ ಪಿಂಛಿಯ ಆಕಾರದಲ್ಲಿ 81 ಅಡಿ ಎತ್ತರದ ಗುರುಮಂದಿರ ನಿಂತಿದೆ. ದಿಗಂಬರ ಮುನಿಗಳು ಕುಳಿತುಕೊಳ್ಳುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೆಲ್ಲನೆ ಸವರಿ, ಅಲ್ಲಿನ ಸೂಕ್ಷ್ಮಜೀವಿಗಳನ್ನು ನೋಯದಂತೆ ಸರಿಸುತ್ತಾರೆ. ಅದನ್ನು ಕಂಡು ಕೈಮುಗಿದು ಬಂದವನು ಪಕ್ಕದ ಬೆಟ್ಟದಲ್ಲಿ ತಾನು ಕುಳಿತೆದ್ದ ಜಾಗಕ್ಕೆ ಉರಿಯುವ ತುಂಡನ್ನು ಎಸೆದರೆ, ಆ ದರ್ಶನದಿಂದ ಪಡೆದುದೇನು?

ಇಷ್ಟನ್ನು ಓದಿ, ‘ನಾನಂತೂ ಮುಟ್ಟುವುದಿಲ್ಲ’ ಎಂದು ನೆಮ್ಮದಿಗೊಳ್ಳುವವರಿಗೂ ಒಂದು ಮಾತಿದೆ. ಕೃತ, ಕಾರಿತ, ಅನುಮೋದನೆ – ಮಾಡುವುದು, ಮಾಡಿಸುವುದು, ಒಪ್ಪುವುದು – ಈ ಮೂರರಿಂದಲೂ ಕರ್ಮಾಸ್ರವವಾಗುತ್ತದೆ. ಅನರ್ಥದಂಡದ ಇನ್ನೊಂದು ಬಗೆ ‘ಹಿಂಸಾದಾನ’: ಆಯುಧ, ಬೆಂಕಿ, ವಿಷಗಳಂಥ ಹಿಂಸೆಯ ಸಾಧನಗಳನ್ನು ಪರರ ಕೈಗೆ ಕೊಡುವುದು. ಸಂಜೆ ಊಟವನ್ನು ಸೂರ್ಯಾಸ್ತಕ್ಕೆ ಮುನ್ನ ಮುಗಿಸುವ, ಗಡ್ಡೆಗೆಣಸನ್ನು ಮುಟ್ಟದ ಶ್ರಾವಕನ ಅಂಗಡಿಯ ಗಲ್ಲದ ಪಕ್ಕದಲ್ಲಿ ಬೀಡಿಯ ಕಟ್ಟುಗಳಿದ್ದರೆ, ಅದು ಯಾವ ಬಗೆಯ ದಾನ? ‘ನಾನು ಕೊಡದಿದ್ದರೆ ಮುಂದಿನ ಅಂಗಡಿಯವನು ಕೊಡುತ್ತಾನೆ’ ಎಂಬುದು ವ್ಯಾಪಾರದ ಲೆಕ್ಕ, ವ್ರತದ ಲೆಕ್ಕವಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ. ಕಾನೂನು ಸೇದುವವನನ್ನು ಹಿಡಿಯಬಲ್ಲದು. ಮಾರುವ ಶ್ರಾವಕನನ್ನು ಹಿಡಿಯಬೇಕಾದುದು ಅವನ ವ್ರತವೇ.

ಆದರೆ ಸೇದುವವನನ್ನು ಹೀನಾಯವಾಗಿ ಕಾಣುವುದು ಜಿನಮಾರ್ಗವಲ್ಲ. ಬೆಳಗಿನಿಂದ ಕಲ್ಲು ಹೊತ್ತವನಿಗೆ, ಕುರಿ ಕಾಯುವವನಿಗೆ ಅಗ್ಗದ ಬೀಡಿಯೊಂದು ಹಸಿವನ್ನು ಮರೆಸುವ ಉಪಾಯ. ಅವನಿಗೆ ಮೊದಲು ಬೇಕಾದುದು ಅನ್ನ, ಆಮೇಲೆ ಉಪದೇಶ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣಗಳೂ ಇವೆ: ಒಂದು ಪರರ ದೋಷವನ್ನು ಬೀದಿಗೆಳೆಯದಿರುವುದು, ಇನ್ನೊಂದು ಜಾರುವವನ ಕೈಹಿಡಿದು ನಿಲ್ಲಿಸುವುದು.

ನಿಲ್ಲಿಸುವ ಕ್ರಮವನ್ನೂ ಆಚಾರ್ಯರೇ ತೋರಿದ್ದಾರೆ. ಬಾಳಿಡೀ ಬಿಡುವುದು ‘ಯಮ’. ಕಾಲದ ಮಿತಿಯಿಟ್ಟು ಬಿಡುವುದು ‘ನಿಯಮ’. ಇಂದೊಂದು ಹಗಲು, ಒಂದು ಪಕ್ಷ, ಒಂದು ತಿಂಗಳು, ಒಂದು ಋತು – ಹೀಗೆ ಶಕ್ತಿಗೆ ತಕ್ಕ ಮಿತಿಯನ್ನು ಅವರು ಅನುಮತಿಸಿದ್ದಾರೆ. ನಾಳೆಯಿಂದ ಶಾಶ್ವತವಾಗಿ ಬಿಡುತ್ತೇನೆಂದು ಆಣೆಯಿಟ್ಟು ಮೂರನೆಯ ದಿನ ಸೋಲುವುದಕ್ಕಿಂತ, ಇಂದಿನ ಹಗಲಿಗೆ ಬಿಟ್ಟೆನೆಂದು ಗೆಲ್ಲುವುದು ಮೇಲು. ಮನೆಯವರು ಅಣಕಿಸದೆ ಆ ಒಂದು ಹಗಲಿಗೆ ಜೊತೆಯಾಗಲಿ. ಅಂಗಡಿಯವರು ದಶಲಕ್ಷಣ ಪರ್ವದ ಹತ್ತು ದಿನವಾದರೂ ಆ ಕಟ್ಟುಗಳನ್ನು ಒಳಗಿಡಲಿ. ಬೆಟ್ಟಕ್ಕೆ ಹೋಗುವವರು ಕಡ್ಡಿಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಹೊರಡಲಿ. ಅಹಿಂಸೆಯ ಅಭ್ಯಾಸಕ್ಕೆ ಇಷ್ಟು ಚಿಕ್ಕ ಆರಂಭವೂ ಸಾಕು.